ಬಹುಕಾಲ ನಿಂತ ಬೈಕಿನ ವಿದ್ಯುತ್ ದೋಷವನ್ನು ಹುಡುಕುವ ಬಗೆ

ಮಲೆನಾಡಿನ ನಮ್ಮ ಮನೆಯ ಕೊಟ್ಟಿಗೆಯಲ್ಲಿ ತಾಡಪಾಲು ಹೊದ್ದುಕೊಂಡು ಎರಡು ಮಳೆಗಾಲ ಕಳೆದಿದ್ದ 150 ಸಿಸಿ ಬೈಕನ್ನು ಹೊರಗೆಳೆದು ಕೀಲಿ ತಿರುಗಿಸಿದಾಗ ಮೀಟರಿನಲ್ಲಿ ಒಂದು ದೀಪವೂ ಹೊತ್ತಲಿಲ್ಲ. ನೋಡಿದವರೆಲ್ಲ ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಎಂದರು. ನಾನು ಹಾಕಿಸಿದೆ. ದೀಪಗಳೇನೋ ಬಂದವು, ಆದರೆ ಸೆಲ್ಫ್ ಗುಂಡಿ ಒತ್ತಿದರೆ ಸೀಟಿನ ಕೆಳಗೆ ‘ಟಕ್’ ಎಂಬ ಒಂದು ಸದ್ದಿನ ಹೊರತು ಬೇರೇನೂ ಇಲ್ಲ. ಗುಂಡಿ ಒತ್ತಿದಾಗ ಮೋಟಾರಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ಸ್ಟಾರ್ಟರ್ ರಿಲೇ ಬದಲಾಯಿಸಿದೆ. ಆಗಲೂ ಅದೇ ಸದ್ದು. ಕೊನೆಗೆ ದೋಷ ಸಿಕ್ಕಿದ್ದು, ಬ್ಯಾಟರಿಯ ಮೈನಸ್ಸಿನಿಂದ ಬರುವ ಅರ್ಥಿಂಗ್ ತಂತಿಯನ್ನು ಎಂಜಿನ್ನಿಗೆ ಬಿಗಿದಿದ್ದ ಒಂದೇ ಒಂದು ಬೋಲ್ಟಿನ ಕೆಳಗೆ. ಅದನ್ನು ಬಿಚ್ಚಿದಾಗ ತಂತಿಯ ತುದಿಯ ತಾಮ್ರದ ಬಳೆ ಹಸಿರು ಕಿಲುಬಿನಿಂದ ಮುಚ್ಚಿಹೋಗಿತ್ತು, ಅದು ಕೂತಿದ್ದ ಲೋಹದ ಮೇಲೆ ಬಿಳಿಯ ಸುಣ್ಣದಂತಹ ಪುಡಿ ಕಟ್ಟಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು, ಲೋಹ ಮಾತ್ರ ಕಾಣುತ್ತಿರಲಿಲ್ಲ. ಎಮರಿ ಕಾಗದದಲ್ಲಿ ಐದು ನಿಮಿಷ ಉಜ್ಜಿ ಮತ್ತೆ ಬಿಗಿದ ಮೇಲೆ ಎಂಜಿನ್ ತಿರುಗಿತು. ಹಳೆಯ ಬ್ಯಾಟರಿ ಚಾರ್ಜ್ ಮಾಡಿದ್ದರೆ ಬದುಕುತ್ತಿತ್ತೋ ಏನೋ. ಅದನ್ನು ಅಂಗಡಿಯಲ್ಲಿ ಬದಲಿಗೆ ಕೊಟ್ಟು ಬಂದಿದ್ದರಿಂದ ಅಳೆದು ನೋಡುವ ಅವಕಾಶ ಉಳಿಯಲಿಲ್ಲ.

ಓಡಾಡುವ ಬೈಕು ಕೆಟ್ಟರೆ ಯಾವುದಾದರೂ ಬಿಡಿಭಾಗ ಸುಟ್ಟಿರುವ ಸಂಭವ ಹೆಚ್ಚು. ನಿಂತ ಬೈಕಿನ ಸಂಗತಿ ಬೇರೆ: ಅಲ್ಲಿ ಮೊದಲು ಬ್ಯಾಟರಿ ಬಳಲುತ್ತದೆ, ಆಮೇಲೆ ಒಂದು ಲೋಹ ಇನ್ನೊಂದು ಲೋಹವನ್ನು ಮುಟ್ಟುವ ಜಾಗಗಳೆಲ್ಲ, ಅಂದರೆ ಕಪ್ಲರ್ (ತಂತಿಗಳನ್ನು ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಜೋಡಣೆ), ಸ್ವಿಚ್ಚು, ಫ್ಯೂಸಿನ ಕಾಲು, ಬಲ್ಬಿನ ಹೋಲ್ಡರ್, ಅರ್ಥಿಂಗ್ ಬೋಲ್ಟು, ಕಿಲುಬು ಹಿಡಿದು ವಿದ್ಯುತ್ತಿಗೆ ಅಡ್ಡ ನಿಲ್ಲುತ್ತವೆ. ಕಿಡಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್, ಕಿಡಿಯ ಹೊತ್ತನ್ನು ನಿಯಂತ್ರಿಸುವ ಸಿಡಿಐ, ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರಾದ ಇಸಿಯು, ಮೋಟಾರುಗಳು ಸುಮ್ಮನೆ ನಿಂತ ಕಾರಣಕ್ಕೆ ಸಾಯುವುದು ಅಪರೂಪ. ಆದ್ದರಿಂದ ಅಳೆಯದೆ ಯಾವ ಭಾಗವನ್ನೂ ಕೊಳ್ಳಬಾರದು ಎಂಬ ಒಂದು ಕಟ್ಟುಪಾಡನ್ನು ಹಾಕಿಕೊಂಡು ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಬೈಕಿನ ಬ್ಯಾಟರಿಗೆ ಹೊಂದುವ ಚಾರ್ಜರ್, 8 ಮತ್ತು 10 ಎಂಎಂ ಸ್ಪ್ಯಾನರುಗಳು, ಸ್ಕ್ರೂಡ್ರೈವರ್, ನಯವಾದ ಎಮರಿ ಕಾಗದ, ಒಂದು ಡಬ್ಬಿ ಕಾಂಟ್ಯಾಕ್ಟ್ ಕ್ಲೀನರ್, ಸ್ವಲ್ಪ ವ್ಯಾಸಲಿನ್. ಇವುಗಳ ಜತೆಗೆ 21 ವಾಟಿನ ಒಂದು ಹಳೆಯ ಬ್ರೇಕ್ ಲೈಟ್ ಬಲ್ಬಿಗೆ ಎರಡು ತಂತಿ ಬೆಸೆದು ಟೆಸ್ಟ್ ಲ್ಯಾಂಪ್ ಮಾಡಿಟ್ಟುಕೊಳ್ಳಬೇಕು. ಮೀಟರ್ ಹೇಳದ ಕೆಲವು ಮಾತನ್ನು ಈ ಬಲ್ಬು ಹೇಳುತ್ತದೆ. ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ವೈರಿಂಗ್ ನಕ್ಷೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಕೆಲಸ ಬಯಲಲ್ಲೋ ಗಾಳಿಯಾಡುವ ಜಾಗದಲ್ಲೋ ನಡೆಯಲಿ. ಬಹಳ ದಿನ ನಿಂತ ಬೈಕಿನಲ್ಲಿ ಪೆಟ್ರೋಲ್ ಪೈಪು ಬಿರಿದು ಒಸರುತ್ತಿರಬಹುದು. ವಾಸನೆ ಬಂದರೆ ಮೊದಲು ಅದನ್ನು ಸರಿಪಡಿಸಬೇಕು, ಆಮೇಲೆ ವಿದ್ಯುತ್ತಿನ ಮಾತು. ಬೆರಳಿನ ಉಂಗುರ, ಕೈಯ ಕಡಗ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ತಂತಿಯನ್ನು ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಈ ಕ್ರಮ ತಪ್ಪಿ, ಪ್ಲಸ್ ಬಿಚ್ಚುತ್ತಿರುವ ಸ್ಪ್ಯಾನರಿನ ಇನ್ನೊಂದು ತುದಿ ಚಾಸಿಗೆ ತಗುಲಿದರೆ ಬೆಂಕಿಯ ಕಿಡಿ ಹಾರುತ್ತದೆ.

ಮೊದಲು ಕಣ್ಣು, ಆಮೇಲೆ ಮೀಟರ್

ಕೀಲಿ ತಿರುಗಿಸುವ ಮೊದಲೇ ಸೀಟು ಮತ್ತು ಎರಡೂ ಬದಿಯ ಪ್ಯಾನೆಲ್ಲುಗಳನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಬೇಕು. ಊರಮನೆಗಳಲ್ಲಿ ನಿಂತ ಬೈಕಿಗೆ ಇಲಿಯೇ ದೊಡ್ಡ ಶತ್ರು. ನಮ್ಮ ಬೈಕಿನ ಸೀಟಿನ ಕೆಳಗೆ ಅಡಿಕೆ ಸಿಪ್ಪೆಯ ನಾರು ತಂದು ಹಾಸಿ ಮಾಡಿದ್ದ ಗೂಡೊಂದಿತ್ತು. ಅದರ ಪಕ್ಕದಲ್ಲಿ ಟೈಲ್ ಲೈಟಿಗೆ ಹೋಗುವ ತಂತಿಯ ಹೊದಿಕೆ ಎರಡು ಬೆರಳಿನಷ್ಟು ಉದ್ದಕ್ಕೆ ಸುಲಿದುಹೋಗಿತ್ತು. ಇಂತಹ ತಂತಿಗೆ ಮೇಲಿಂದ ಟೇಪು ಸುತ್ತಿ ಬಿಡಬಾರದು. ತೆರೆದುಕೊಂಡ ಜಾಗದಿಂದ ತೇವ ಹೊದಿಕೆಯ ಒಳಗೇ ಹರಿದು ತಾಮ್ರದ ಎಳೆಗಳನ್ನು ಕಪ್ಪಾಗಿಸಿರುತ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೂ ಹಿಂದೆ ಹಿಂದೆ ಕತ್ತರಿಸಿ, ಅಷ್ಟೇ ದಪ್ಪದ ಹೊಸ ತುಂಡನ್ನು ಬೆಸೆದು, ಮೇಲೆ ಹೀಟ್ ಶ್ರಿಂಕ್ ಕೊಳವೆ ಏರಿಸಬೇಕು. ಒಟ್ಟಿಗಿರುವ ಮೂರು ನಾಲ್ಕು ತಂತಿಗಳನ್ನು ಜೋಡಿಸಬೇಕಾಗಿ ಬಂದರೆ ಗಂಟುಗಳನ್ನು ಒಂದೇ ಜಾಗದಲ್ಲಿ ತರದೆ ಹಿಂದೆ ಮುಂದೆ ಮಾಡಿದರೆ ವೈರಿಂಗ್ ದಪ್ಪವಾಗುವುದೂ ಇಲ್ಲ, ಒಂದಕ್ಕೊಂದು ತಗಲುವುದೂ ಇಲ್ಲ.

ಬ್ಯಾಟರಿಯನ್ನು ಬಿಚ್ಚಿ ಮೇಜಿನ ಮೇಲಿಟ್ಟು ಅಳೆಯಿರಿ. 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಿದ್ದಾಗ, ಚಾರ್ಜರ್ ತೆಗೆದು ಕೆಲವು ಗಂಟೆ ಕಳೆದ ಮೇಲೆ, 12.6ರಿಂದ 12.8 ವೋಲ್ಟ್ ತೋರಿಸುತ್ತದೆ. 12.4ಕ್ಕೆ ಇಳಿದಿದ್ದರೆ ಕಾಲು ಭಾಗ ಖಾಲಿಯಾಗಿದೆ. 12ರ ಆಸುಪಾಸಿನಲ್ಲಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಈ ಬ್ಯಾಟರಿಗಳು ಬಳಸದಿದ್ದರೂ ತಮ್ಮಷ್ಟಕ್ಕೆ ತಾವೇ ಬರಿದಾಗುತ್ತವೆ, ಬಿಸಿಲ ಊರುಗಳಲ್ಲಿ ಇನ್ನೂ ಬೇಗ. ಬರಿದಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಉಳಿದರೆ ಒಳಗಿನ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಹಾಗೆ ಕೂತ ಹರಳು ಮತ್ತೆ ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಎಷ್ಟು ಫಲಕ ಮುಚ್ಚಿತೋ ಅಷ್ಟು ಸಾಮರ್ಥ್ಯ ಹೋದಂತೆಯೇ.

ಚಾರ್ಜ್ ಮಾಡುವುದು ನಿಧಾನದ ಕೆಲಸ. ಬ್ಯಾಟರಿಯ ಮೇಲೆ ಬರೆದಿರುವ ಆಂಪಿಯರ್-ಅವರ್ (ಎಎಚ್) ಸಂಖ್ಯೆಯ ಹತ್ತನೆಯ ಒಂದು ಭಾಗದಷ್ಟು ವಿದ್ಯುತ್ ಸಾಕು: 9 ಎಎಚ್ ಬ್ಯಾಟರಿಗೆ 0.9 ಆಂಪಿಯರ್. ಕಾರಿನ ದೊಡ್ಡ ಚಾರ್ಜರಿನಿಂದ ಬೇಗ ಮುಗಿಸಲು ಹೋದರೆ ಚಿಕ್ಕ ಬ್ಯಾಟರಿ ಕುದಿದು ಉಬ್ಬುತ್ತದೆ. ನೀರು ಹಾಕುವ ಬಗೆಯ ಬ್ಯಾಟರಿಯಾದರೆ ಫಲಕಗಳು ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮುಗಿದ ಮೇಲೆ ಮೇಲಿನ ಗೆರೆಯವರೆಗೆ ತುಂಬಬೇಕು. ಮೊದಲೇ ಗೆರೆ ಮುಟ್ಟಿಸಿದರೆ ಚಾರ್ಜ್ ಆಗುವಾಗ ಆಮ್ಲ ಉಕ್ಕಿ ಹೊರಚೆಲ್ಲುತ್ತದೆ. ಸೀಲ್ ಆದ ಬ್ಯಾಟರಿಯ ಮುಚ್ಚಳವನ್ನು ತೆಗೆಯುವ ಸಾಹಸ ಬೇಡ. ಚಾರ್ಜ್ ಆಗುವಾಗ ಹೊರಬರುವ ಜಲಜನಕ ಸುಲಭವಾಗಿ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಹತ್ತಿರ ಬೀಡಿ, ದೀಪ, ಒಲೆ ಯಾವುದೂ ಇರಕೂಡದು. ಲಿಥಿಯಂ ಬ್ಯಾಟರಿ ಹಾಕಿಸಿಕೊಂಡವರು ಅದಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಬೇಕು.

ಚಾರ್ಜ್ ಆದ ಬ್ಯಾಟರಿ ಮೇಜಿನ ಮೇಲೆ 12.7 ತೋರಿಸಿದ ಮಾತ್ರಕ್ಕೆ ಅದನ್ನು ನಂಬಬೇಕಾಗಿಲ್ಲ. ಬೈಕಿಗೆ ಜೋಡಿಸಿ, ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳ ಮೇಲಿಟ್ಟು, ಸೆಲ್ಫ್ ಒತ್ತಿ ನೋಡಬೇಕು. ಮೋಟಾರು ತಿರುಗುತ್ತಿರುವಾಗಲೂ 9.5 ಅಥವಾ 10 ವೋಲ್ಟಿಗಿಂತ ಮೇಲಿದ್ದರೆ ಬ್ಯಾಟರಿಗೆ ಜೀವವಿದೆ. ಒತ್ತಿದ ಕೂಡಲೇ 7ಕ್ಕೋ 8ಕ್ಕೋ ಜಾರಿದರೆ ಹೊಸ ಬ್ಯಾಟರಿಗೆ ದುಡ್ಡು ಹೊಂದಿಸಿಕೊಳ್ಳಬಹುದು. ಒತ್ತಿದರೂ ವೋಲ್ಟೇಜ್ ಅಲುಗದೆ 12.6ರಲ್ಲೇ ನಿಂತು, ಮೋಟಾರೂ ತಿರುಗದಿದ್ದರೆ? ಆಗ ವಿದ್ಯುತ್ತು ಬ್ಯಾಟರಿಯಿಂದ ಹೊರಟೇ ಇಲ್ಲ. ದಾರಿಯಲ್ಲಿ ಎಲ್ಲೋ ತಡೆಯಿದೆ. ನನ್ನ ಬೈಕು ಹೇಳುತ್ತಿದ್ದುದು ಇದನ್ನೇ, ಕೇಳಿಸಿಕೊಳ್ಳಲು ಆಗ ಮೀಟರ್ ಹಿಡಿದಿರಲಿಲ್ಲ ಅಷ್ಟೆ.

ಒಂದು ಎಚ್ಚರಿಕೆ ಇಲ್ಲಿಯೇ ಹೇಳಬೇಕು. ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಚಾಲೂ ಆಗುವ ಬೈಕುಗಳುಂಟು. ಆದರೆ ಬ್ಯಾಟರಿಯನ್ನೇ ಬಿಚ್ಚಿಟ್ಟು ಎಂಜಿನ್ ಓಡಿಸಿದರೆ ಚಾರ್ಜಿಂಗ್ ವ್ಯವಸ್ಥೆಯ ವೋಲ್ಟೇಜ್ ಏರಿಳಿತವನ್ನು ತಡೆದುಕೊಳ್ಳುವವರು ಯಾರೂ ಇರುವುದಿಲ್ಲ. ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್, ಬಲ್ಬು, ಇಸಿಯು ಏನು ಬೇಕಾದರೂ ಸುಡಬಹುದು.

ಒಂದು ದೀಪವೂ ಬಾರದಿದ್ದರೆ

ಬ್ಯಾಟರಿ ಸರಿಯಿದ್ದೂ ಬೈಕು ಪೂರ್ತಿ ಸತ್ತಂತಿದ್ದರೆ ಮುಖ್ಯ ಫ್ಯೂಸನ್ನು ನೋಡಬೇಕು. ಅದು ಸಾಮಾನ್ಯವಾಗಿ ಬ್ಯಾಟರಿಯ ಹತ್ತಿರ ಅಥವಾ ಸ್ಟಾರ್ಟರ್ ರಿಲೇಯ ಪಕ್ಕದಲ್ಲೇ ಇರುತ್ತದೆ. ಕಣ್ಣಿಗೆ ಸರಿಯಾಗಿ ಕಂಡ ಫ್ಯೂಸಿನಲ್ಲೂ ಕೂದಲಿನಂತಹ ಬಿರುಕಿರಬಹುದು. ಫ್ಯೂಸ್ ಸರಿಯಿದ್ದು ಅದು ಕೂರುವ ಕಾಲಿನಲ್ಲಿ ಕಿಲುಬಿರಬಹುದು. ಆದ್ದರಿಂದ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಿ, ಇನ್ನೊಂದನ್ನು ಫ್ಯೂಸಿನ ಆಚೆ ಈಚೆಯ ತಂತಿಗಳಿಗೆ ಮುಟ್ಟಿಸಿ ನೋಡಿ. ಎರಡೂ ಕಡೆ ಒಂದೇ ಬೆಳಕು ಬರಬೇಕು.

ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಎಲ್ಲೋ ಶಾರ್ಟ್ ಇದೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯ ಎಳೆಯನ್ನೋ ಅಲ್ಲಿ ತುರುಕುವ ಹಳೆಯ ಚಾಳಿ ವೈರಿಂಗನ್ನೇ ಸುಡುತ್ತದೆ. ಅದರ ಬದಲು ಫ್ಯೂಸಿನ ಜಾಗದಲ್ಲಿ ಆ 21 ವಾಟಿನ ಬಲ್ಬನ್ನು ಸೇರಿಸಿ. ಶಾರ್ಟ್ ಇದ್ದರೆ ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ, ತಂತಿ ಮಾತ್ರ ಸುಡುವುದಿಲ್ಲ, ಏಕೆಂದರೆ ಬಲ್ಬು ತಾನು ಕುಡಿಯುವ ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡುವುದಿಲ್ಲ. ಈಗ ಹಾರ್ನ್, ಟೈಲ್ ಲೈಟ್, ಇಂಡಿಕೇಟರ್, ಮೀಟರ್ ಹೀಗೆ ಒಂದೊಂದೇ ಕಪ್ಲರನ್ನು ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ಬಲ್ಬು ಮಂಕಾಗುತ್ತದೋ ದೋಷ ಆ ಕೊಂಬೆಯಲ್ಲಿದೆ. 2017ರ ಏಪ್ರಿಲ್‌ನಿಂದ ಈಚಿನ ಬೈಕುಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲದ್ದರಿಂದ, ಈ ಪರೀಕ್ಷೆಗೆ ಮುನ್ನ ಹೆಡ್‌ಲೈಟಿನ ಕಪ್ಲರನ್ನು ಬಿಚ್ಚಿಡಬೇಕು. ಇಲ್ಲವಾದರೆ ಅದು ಕುಡಿಯುವ ವಿದ್ಯುತ್ತನ್ನೇ ಶಾರ್ಟ್ ಎಂದು ತಿಳಿದುಕೊಳ್ಳುವಿರಿ.

ಸೆಲ್ಫ್ ತಿರುಗದಿದ್ದರೆ

ಇಲ್ಲಿ ಕಿವಿಗೆ ಕೆಲಸವಿದೆ. ಗುಂಡಿ ಒತ್ತಿದಾಗ ‘ಟಕಟಕಟಕ’ ಎಂದು ರಿಲೇ ಬಡಿದುಕೊಂಡರೆ ಬ್ಯಾಟರಿ ಬಲಹೀನವಾಗಿದೆ ಅಥವಾ ಅದರ ಕಂಬಗಳ ಜೋಡಣೆ ಸಡಿಲವಾಗಿದೆ. ಒಂದೇ ‘ಟಕ್’ ಕೇಳಿ ಮೌನವಾದರೆ ರಿಲೇಯ ಒಳಗಿನ ಬಿಲ್ಲೆ, ದಪ್ಪ ತಂತಿಗಳ ತುದಿ, ಅರ್ಥಿಂಗ್ ಅಥವಾ ಮೋಟಾರಿನ ಬ್ರಶ್ಶುಗಳಲ್ಲಿ ದೋಷವಿದೆ. ಸದ್ದೇ ಇಲ್ಲದಿದ್ದರೆ ರಿಲೇಗೆ ಆಜ್ಞೆ ತಲುಪಿಲ್ಲ. ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ, ಎಂಜಿನ್ ಆರಿಸುವ ಸ್ವಿಚ್), ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್ ಈ ನಾಲ್ಕನ್ನೂ ಅನುಮಾನಿಸಬೇಕು.

ಒಂದೇ ‘ಟಕ್’ ಇದ್ದಾಗ ಮಾಡಬೇಕಾದ ಪರೀಕ್ಷೆಯೇ ಈ ಇಡೀ ಕೆಲಸದಲ್ಲಿ ನಾನು ಹೆಚ್ಚು ಬೆಲೆ ಕೊಡುವ ಪರೀಕ್ಷೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ (ತಂತಿಯ ಬಳೆಯ ಮೇಲಲ್ಲ, ಕಂಬದ ಮೇಲೆಯೇ), ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ ಒತ್ತಿ ಹಿಡಿದು, ಸೆಲ್ಫ್ ಗುಂಡಿ ಒತ್ತಬೇಕು. ಎರಡೂ ಒಂದೇ ತಂತಿಯ ಎರಡು ತುದಿಗಳಾದ್ದರಿಂದ ಮೀಟರ್ ಸೊನ್ನೆಯ ಹತ್ತಿರವೇ ಇರಬೇಕು, 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೆಟ್ಟಿದೆ. ನನ್ನ ಬೈಕಿನಲ್ಲಿ ಅದು 11 ವೋಲ್ಟ್ ದಾಟಿತ್ತು. ಅಂದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಬೋಲ್ಟಿನ ಕೆಳಗಿನ ಪುಡಿಯ ಮೇಲೆಯೇ ಬೀಳುತ್ತಿತ್ತು, ಮೋಟಾರಿಗೆ ಉಳಿಯುತ್ತಿದ್ದುದು ಚಿಲ್ಲರೆ. ಹಾಗೆಯೇ ಪ್ಲಸ್ ಕಡೆಯನ್ನು ನೋಡಲು ಬ್ಯಾಟರಿಯ ಪ್ಲಸ್ ಕಂಬ ಮತ್ತು ಮೋಟಾರಿನ ಟರ್ಮಿನಲ್ ನಡುವೆ ಅಳೆಯಿರಿ. ಗುಂಡಿ ಒತ್ತಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ರಿಲೇಯ ಹಿಂದೆ ಮುಂದೆ ಅಳೆದು, ನಷ್ಟ ಯಾವ ತುಂಡಿನಲ್ಲಾಗುತ್ತಿದೆ ಎಂಬುದನ್ನು ಗುರುತಿಸಬಹುದು.

ಬಹಳ ಜನ ಇದನ್ನು ಓಮ್ ಅಳತೆಯಿಂದಲೋ ‘ಬೀಪ್’ ಸದ್ದಿನಿಂದಲೋ ಪರೀಕ್ಷಿಸಿ ಮೋಸ ಹೋಗುತ್ತಾರೆ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಉಳಿದ ತಂತಿಯೂ ಮೀಟರಿನ ಅಲ್ಪ ವಿದ್ಯುತ್ತಿಗೆ ಬೀಪ್ ಎನ್ನುತ್ತದೆ. ಸ್ಟಾರ್ಟರ್ ಮೋಟಾರು ಕೇಳುವ ಹತ್ತಾರು ಆಂಪಿಯರನ್ನು ಹೊರಲು ಅದಕ್ಕೆ ಆಗುವುದಿಲ್ಲ. ಭಾರ ಹೊರಿಸಿ ನೋಡದೆ ತಂತಿಯ ಬಲ ತಿಳಿಯುವುದಿಲ್ಲ.

ಕೆಟ್ಟ ಜೋಡಣೆ ಸಿಕ್ಕಾಗ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ ಬಿಡುವುದು ಪರಿಹಾರವಲ್ಲ. ಪೂರ್ತಿ ಬಿಚ್ಚಿ, ಬಳೆಯ ಎರಡೂ ಮುಖ, ವಾಷರ್, ಕೆಳಗಿನ ಲೋಹ ಎಲ್ಲವನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ತೆಳುವಾಗಿ ವ್ಯಾಸಲಿನ್ ಸವರಬೇಕು. ಅದು ವಿದ್ಯುತ್ತನ್ನು ಹರಿಸುವುದಿಲ್ಲ, ಮುಂದಿನ ಮಳೆಗಾಲದ ತೇವವನ್ನು ಹೊರಗಿಡುತ್ತದೆ.

ಸ್ವಿಚ್ಚುಗಳ ವಿಷಯದಲ್ಲಿ ಕಿಲ್ ಸ್ವಿಚ್ಚಿನಿಂದ ಶುರುಮಾಡುವುದು ಲೇಸು. ಅದು ಆಫ್ ಆಗಿರುವುದನ್ನು ಮರೆತು ಅರ್ಧ ದಿನ ಬೆವರು ಸುರಿಸಿದವರು ನನ್ನ ಪರಿಚಯದಲ್ಲೇ ಇದ್ದಾರೆ. ಆನ್ ಇದ್ದರೂ ಒಳಗಿನ ತಗಡಿನ ಮೇಲೆ ಕಿಲುಬಿನ ಪೊರೆ ಕಟ್ಟಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಮೂವತ್ತು ಸಲ ಆಚೀಚೆ ಒತ್ತಿದರೆ ಸಾಮಾನ್ಯವಾಗಿ ಆ ಪೊರೆ ಕಿತ್ತುಬರುತ್ತದೆ. ಕೀಲಿಯ ಸ್ವಿಚ್ಚಿಗೂ ಇದೇ ಉಪಚಾರ. ಎಂಜಿನ್ ಆಯಿಲ್ ಬಿಟ್ಟರೆ ಧೂಳು ಅಂಟಿ ಮತ್ತಷ್ಟು ಕೆಡುತ್ತದೆ. ಸೈಡ್ ಸ್ಟ್ಯಾಂಡ್ ಸ್ವಿಚ್ಚು ನೆಲಕ್ಕೆ ಹತ್ತಿರವಿರುವುದರಿಂದ ಕೆಸರು ಒಣಗಿ ಕಲ್ಲಾಗಿರುತ್ತದೆ. ನೀರು ಹಾಕಿ ಬ್ರಶ್ಶಿನಿಂದ ಉಜ್ಜಿದರೆ ಸಾಕು.

ಇಷ್ಟಾದರೂ ಮೋಟಾರು ತಿರುಗದಿದ್ದರೆ, ಅದನ್ನು ಬಿಚ್ಚುವ ಮೊದಲು ಬೈಕನ್ನು ಮೇಲಿನ ಗೇರಿಗೆ ಹಾಕಿ ಹಿಂಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಚಕ್ರ ಕಲ್ಲಿನಂತೆ ನಿಂತರೆ ಪಿಸ್ಟನ್ ಹಿಡಿದುಕೊಂಡಿರಬಹುದು. ಅದು ಈ ಲೇಖನದ ವ್ಯಾಪ್ತಿಗೆ ಬರುವ ರೋಗವಲ್ಲ.

ಎಂಜಿನ್ ತಿರುಗಿಯೂ ಚಾಲೂ ಆಗದಿದ್ದರೆ

ವರ್ಷ ಕಳೆದ ಪೆಟ್ರೋಲ್ ಕೆಟ್ಟು ಅಂಟಾಗಿರುತ್ತದಾದ್ದರಿಂದ, ತಪ್ಪು ವಿದ್ಯುತ್ತಿನದೋ ಪೆಟ್ರೋಲಿನದೋ ಎಂದು ಮೊದಲು ಬೇರ್ಪಡಿಸಿಕೊಳ್ಳಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಸೆಲ್ಫ್ ಒತ್ತಿದರೆ ನೀಲಿ ಕಿಡಿ ಕಾಣಬೇಕು. ಪ್ಲಗ್ಗನ್ನು ಅದರ ರಂಧ್ರದಿಂದ ದೂರವಿಡಬೇಕು, ಅಲ್ಲಿಂದ ಪೆಟ್ರೋಲಿನ ಆವಿ ಚಿಮ್ಮುತ್ತದೆ. ಅರ್ಥ್ ಆಗದಂತೆ ಗಾಳಿಯಲ್ಲಿ ಹಿಡಿದು ಪರೀಕ್ಷಿಸಿದರೆ ಸಿಡಿಐ ಅಥವಾ ಇಸಿಯು ಕೆಡುವ ಅಪಾಯವಿದೆ. ಕಿಡಿ ಇಲ್ಲವಾದರೆ ಹೊಸ ಪ್ಲಗ್, ಆಮೇಲೆ ಪ್ಲಗ್ ಕ್ಯಾಪ್, ಆಮೇಲೆ ಕಾಯಿಲ್‌ಗೆ ಬರುವ ಕಪ್ಲರ್ ಎಂಬ ಅನುಕ್ರಮದಲ್ಲಿ ನೋಡುತ್ತ ಹೋಗಿ.

2020ರ ಏಪ್ರಿಲ್‌ನಿಂದ ಹೊಗೆಯ ಮಿತಿಯ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಸಿಂಪಡಿಸುವ ಫ್ಯೂಯೆಲ್ ಇಂಜೆಕ್ಷನ್ ಇದೆ. ಇವುಗಳಲ್ಲಿ ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗೆ ಪಂಪು ಎರಡು ಮೂರು ಸೆಕೆಂಡು ‘ಗುಂಯ್’ ಎನ್ನಬೇಕು. ಪಂಪಿನ ಕಪ್ಲರಿಗೆ ಆ ಹೊತ್ತಿನಲ್ಲಿ 12 ವೋಲ್ಟ್ ಬರುತ್ತಿದ್ದೂ ಸದ್ದಿಲ್ಲದಿದ್ದರೆ ಪಂಪು ಅಂಟಿನಲ್ಲಿ ಸಿಕ್ಕಿಕೊಂಡಿದೆ. ವೋಲ್ಟೇಜೇ ಬಾರದಿದ್ದರೆ ಅದರ ಫ್ಯೂಸ್ ಮತ್ತು ರಿಲೇಯನ್ನು ನೋಡಬೇಕು. ಮೀಟರಿನ ಹಳದಿ ಎಂಜಿನ್ ದೀಪ ಮಿನುಗುತ್ತಿದ್ದರೆ ಎಣಿಸಿಕೊಳ್ಳಿ, ಅದು ದೋಷದ ಸಂಖ್ಯೆಯಾಗಿರಬಹುದು.

ಮೈಸೂರಿನಲ್ಲಿ ತಯಾರಾದ ಹಳೆಯ ಜಾವಾ, ಯೆಜ್ಡಿಗಳನ್ನು ಎಬ್ಬಿಸುವವರಿಗೆ ಒಂದು ಮಾತು. ಅವುಗಳಲ್ಲಿ ಹಲವು 6 ವೋಲ್ಟಿನವು. 12 ವೋಲ್ಟಿನ ಚಾರ್ಜರನ್ನು ಹತ್ತಿರ ತರಬೇಡಿ, ಮೇಲೆ ಹೇಳಿದ ಬ್ಯಾಟರಿಯ ವೋಲ್ಟ್ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಿ. ಕಾಯಿಲ್‌ಗೆ ಹೋಗುವ ವಿದ್ಯುತ್ತನ್ನು ತೆರೆದು ಮುಚ್ಚುವ, ‘ಪ್ಲಾಟಿನಂ’ ಎಂದು ಕರೆಯುವ ಪಾಯಿಂಟುಗಳ ಮೇಲೆ ಪೊರೆ ಕಟ್ಟಿ ಕಿಡಿ ನಿಲ್ಲುವುದು ಅವುಗಳ ಸಾಮಾನ್ಯ ಕಾಯಿಲೆ; ನಯವಾದ ಎಮರಿಯ ಚೂರನ್ನು ನಡುವೆ ಎರಡು ಸಲ ಎಳೆದು, ಪುಡಿ ಒರೆಸಿದರೆ ಕಿಡಿ ಮರಳುತ್ತದೆ.

ದೀಪ ಮತ್ತು ಹಾರ್ನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ರೇಕ್ ಹಿಡಿದಾಗ ಇಂಡಿಕೇಟರೂ ಮಂಕಾಗಿ ಬೆಳಗಿದರೆ ಹಿಂಭಾಗದ ಅರ್ಥಿಂಗ್ ಹೋಗಿದೆ. ಒಂದು ಬದಿಯ ಇಂಡಿಕೇಟರ್ ವಿಪರೀತ ವೇಗವಾಗಿ ಮಿನುಗಿದರೆ ಆ ಬದಿಯ ಒಂದು ಬಲ್ಬು ಉರಿಯುತ್ತಿಲ್ಲ. ಹಾರ್ನ್ ಗೊರಗೊರ ಎಂದರೆ ಅದರ ಬಾಯೊಳಗೆ ಕಡಜದ ಮಣ್ಣುಗೂಡಿದೆಯೇ ನೋಡಿ. ಹಳೆಯ ಚಿಕ್ಕ ಬೈಕುಗಳಲ್ಲಿ ಹೆಡ್‌ಲೈಟ್ ಎಂಜಿನ್ ಓಡಿದಾಗ ಮಾತ್ರ ಹೊತ್ತುತ್ತದೆ, ಅದನ್ನು ದೋಷವೆಂದು ತಿಳಿಯಬಾರದು.

ಚಾಲೂ ಆದ ಮೇಲೆ

ಎಂಜಿನ್ ಓಡಿದ ಸಂತೋಷದಲ್ಲಿ ಮೀಟರನ್ನು ಒಳಗಿಟ್ಟರೆ ವಾರದೊಳಗೆ ಮತ್ತೆ ತಳ್ಳಬೇಕಾದೀತು. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಸ್ವಲ್ಪ ಏರಿಸಿ ಬ್ಯಾಟರಿಯ ಮೇಲೆ ಅಳೆದರೆ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಅಥವಾ ಅದರ ಅರ್ಥಿಂಗ್ ಕೆಟ್ಟಿದ್ದು, ಬ್ಯಾಟರಿ ಬೆಂದುಹೋಗುವ ಮೊದಲು ನಿಲ್ಲಿಸಬೇಕು. 13ರ ಕೆಳಗೇ ಉಳಿದರೆ ರೆಗ್ಯುಲೇಟರಿನ ಕಪ್ಲರ್ ಬಿಚ್ಚಿ ಅದರ ಪ್ಲಾಸ್ಟಿಕ್ ಕಂದಾಗಿದೆಯೇ ನೋಡಿ. ಕಿಲುಬು ಹಿಡಿದ ಪಿನ್ನು ಬಿಸಿಯಾಗಿ ಅಕ್ಕಪಕ್ಕವನ್ನು ಕರಗಿಸಿರುತ್ತದೆ. ಎಂಜಿನ್ನಿನೊಳಗೆ ವಿದ್ಯುತ್ ಹುಟ್ಟಿಸುವ ಸುರುಳಿಗಳಾದ ಸ್ಟೇಟರಿನಿಂದ ಒಂದೇ ಬಣ್ಣದ ಮೂರು ತಂತಿ ಬರುವ ಬೈಕಾದರೆ, ಎಂಜಿನ್ ಓಡುತ್ತಿರುವಾಗ ಅವುಗಳಲ್ಲಿ ಎರಡೆರಡರ ನಡುವಿನ ಎಸಿ ವೋಲ್ಟೇಜ್ ಮೂರು ಜೋಡಿಗಳಲ್ಲೂ ಹೆಚ್ಚುಕಡಿಮೆ ಸಮನಾಗಿರಬೇಕು. ಎಂಜಿನ್ ನಿಲ್ಲಿಸಿ ನೋಡಿದಾಗ ಅವುಗಳಲ್ಲಿ ಯಾವುದಕ್ಕೂ ಎಂಜಿನ್ನಿನ ಲೋಹದೊಂದಿಗೆ ಸಂಪರ್ಕ ಇರಬಾರದು.

ನಿಂತಾಗ ಬ್ಯಾಟರಿಯನ್ನು ಕುಡಿಯುವ ಕಳ್ಳ ಯಾರು ಎಂಬುದೂ ತಿಳಿಯಬೇಕು. ಮೈನಸ್ ತಂತಿ ಬಿಚ್ಚಿ, ಕಂಬಕ್ಕೂ ತಂತಿಗೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿಟ್ಟು ಸೇರಿಸಿ, ಆಮೇಲೆ ಮಿಲಿಆಂಪಿಯರಿಗೆ ಇಳಿಸಿ. ಮೀಟರ್ ನಡುವೆ ಇರುವಾಗ ಕೀಲಿ ತಿರುಗಿಸಿದರೆ ಮೀಟರಿನ ಒಳಗಿನ ಫ್ಯೂಸ್ ಹಾರುತ್ತದೆ. ಕೆಲವೇ ಮಿಲಿಆಂಪಿಯರ್ ಕಂಡರೆ ಸಹಜ. ಹತ್ತಾರು ಕಂಡರೆ ಹೊರಗಿನಿಂದ ಹಾಕಿಸಿದ ಅಲಾರ್ಮ್, ಜಿಪಿಎಸ್, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು. 30 ಮಿಲಿಆಂಪಿಯರ್ ಎಂದರೆ ಅಲ್ಪವೆನಿಸುತ್ತದೆ, ಆದರೆ ಅದು 9 ಎಎಚ್ ಬ್ಯಾಟರಿಯನ್ನು ಎರಡು ವಾರದೊಳಗೆ ಬರಿದು ಮಾಡುತ್ತದೆ.

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಇರುವ ಬೈಕಿನಲ್ಲಿ ಅದರ ದೀಪ ಕೀಲಿ ತಿರುಗಿಸಿದಾಗ ಉರಿದು, ಬೈಕು ಸ್ವಲ್ಪ ದೂರ ಚಲಿಸಿದ ಮೇಲೆ ಆರುವುದು ಸರಿಯಾದ ಕ್ರಮ. ಆರದೇ ಉಳಿದರೆ ಚಕ್ರದ ಸೆನ್ಸಾರಿನ ಮೇಲಿನ ಧೂಳು, ತುಕ್ಕನ್ನು ಒರೆಸಿ ನೋಡಬಹುದು. ಅದಕ್ಕಿಂತ ಒಳಗೆ ಕೈ ಹಾಕದೆ, ಸ್ಕ್ಯಾನರ್ ಇರುವ ಮೆಕ್ಯಾನಿಕ್ಕಿನ ಬಳಿ ಒಯ್ಯಬೇಕು. ಹೋಗುವಾಗ ಇಷ್ಟರವರೆಗೆ ಅಳೆದ ಅಂಕಿಗಳನ್ನೆಲ್ಲ, ಅಂದರೆ ನಿಂತಾಗಿನ ವೋಲ್ಟೇಜ್, ಸೆಲ್ಫ್ ಒತ್ತಿದಾಗಿನದು, ಅರ್ಥಿಂಗ್ ನಷ್ಟ, ಚಾರ್ಜಿಂಗ್ ವೋಲ್ಟೇಜ್, ಒಂದು ಚೀಟಿಯಲ್ಲಿ ಬರೆದು ಕೊಡಿ. ಆ ಚೀಟಿ ಕೈಯಲ್ಲಿದ್ದರೆ ಅವರೂ ಮೊದಲ ಮಾತಿಗೇ ‘ಬ್ಯಾಟರಿ ಹೋಗಿದೆ’ ಎನ್ನುವುದಿಲ್ಲ.